ಬಟ್ಟಲು ಉರಿಯುತ್ತದೆ, ಕೋವಿ ಹಾರುವುದಿಲ್ಲ

ಠಾಣೆ ಊರಿನ ಮಿತ್ರರೇ, ಕೊಡಗಿನ ಮನೆಯ ಚಕಮಕಿ ಕೋವಿಯಲ್ಲಿ, ಅಂದರೆ ಕಲ್ಲು ಉಕ್ಕಿಗೆ ಬಡಿದು ಕಿಡಿ ಹಾರಿಸುವ ಹಳೆಯ ಕೋವಿಯಲ್ಲಿ, ನಳಿಗೆಯ ಪಕ್ಕದ ಪುಟ್ಟ ಬಟ್ಟಲಿನ ಮದ್ದು ಭಗ್ಗನೆ ಉರಿದರೂ ಹತ್ತರಲ್ಲಿ ಮೂರು ಸಲ ಗುಂಡು ಹಾರುವುದಿಲ್ಲ, ಹೊಸ ಕಲ್ಲು ತರಿಸಲೇ ಎಂದು ಕೇಳಿದ್ದೀರಿ. ಬೇಡ. ಬಟ್ಟಲು ಉರಿಯಿತೆಂದರೆ ಕಲ್ಲೂ ಉಕ್ಕೂ ತಮ್ಮ ಕೆಲಸ ಮುಗಿಸಿವೆ. ಬಟ್ಟಲಿನಿಂದ ನಳಿಗೆಯೊಳಗೆ ಹೋಗುವ ಸಣ್ಣ ತೂತನ್ನು ನೋಡಿ.

ಕಪ್ಪು ಮದ್ದಿನ ಮಸಿ ತೇವ ಹೀರುತ್ತದೆ. ಜುಲೈನಲ್ಲಿ ಪುಣೆಯ ನಮ್ಮ ಅಡುಗೆಮನೆಯ ಉಪ್ಪೇ ನೀರೊಡೆಯುತ್ತದೆ; ಕೊಡಗಿನ ಮಳೆಯಲ್ಲಿ ಆ ಮಸಿ ಕೆಸರಾಗಿ ತೂತಿಗೆ ಮೆತ್ತಿಕೊಳ್ಳದೆ ಇದ್ದೀತೇ? ಕೋವಿ ಖಾಲಿಯೆಂದು ಖಚಿತಪಡಿಸಿಕೊಂಡು ತೆಳು ಹಿತ್ತಾಳೆ ತಂತಿಯಿಂದ ಬಿಡಿಸಿ. ಉಕ್ಕಿನ ಸೂಜಿಯಿಂದ ಕೆದಕಿದರೆ ತೂತು ಅಗಲವಾದೀತು. ಕೊಡವರು ಆಯುಧಗಳನ್ನು ಪೂಜಿಸುವ ಹಬ್ಬ ಕೈಲ್‌ಪೋಳ್ದಿನ ಪೂಜೆಗೆಂದು ಧಾರಾಳವಾಗಿ ಸವರಿದ ಎಣ್ಣೆ ನಳಿಗೆಯ ಬುಡಕ್ಕೆ ಇಳಿದಿದ್ದರೆ ಅದನ್ನೂ ಒಣಬಟ್ಟೆಯಿಂದ ಒರೆಸಿ ತೆಗೆಯಿರಿ.

ಬಟ್ಟಲು ತುಂಬ ಮದ್ದು ಸುರಿಯುವ ಚಾಳಿ ಇದ್ದರೆ ಬಿಡಿ. ಮದ್ದು ತೂತನ್ನು ಮುಚ್ಚಿದರೆ ಬತ್ತಿಯಂತೆ ತಡೆದು ಉರಿಯುತ್ತದೆ. ಒಳಗೆ ಹಾಯಬೇಕಾದದ್ದು ಉರಿಯ ನಾಲಿಗೆ. ನುಣ್ಣನೆಯ ಮದ್ದು, ಅರ್ಧ ಬಟ್ಟಲಿಗಿಂತ ಕಡಿಮೆ, ತೂತಿನ ಮಟ್ಟಕ್ಕಿಂತ ಕೆಳಗೆ.

ಹಾರದಿದ್ದಾಗ ತಕ್ಷಣ ನಳಿಗೆಯಲ್ಲಿ ಇಣುಕಬೇಡಿ. ನಳಿಗೆಯ ಬಾಯಿಯನ್ನು ಯಾರೂ ಇಲ್ಲದ ಕಡೆಗೇ ಹಿಡಿದು ಒಂದು ನಿಮಿಷ ಪೂರ್ತಿ ಕಾಯಿರಿ. ಆಮೇಲೆ, ಗುಂಡು ಇನ್ನೂ ಒಳಗಿರುವುದರಿಂದ ಬಾಯಿಯನ್ನು ಆ ಕಡೆಗೇ ಇಟ್ಟುಕೊಂಡು, ತೂತಿಗೆ ತಂತಿ.