ಹಳೆಯ ಜಿಪ್ಸಿ, ಹಳೆಯ ಜೀಪು: ಕೊಳ್ಳುವ ಮುನ್ನ ಎಲ್ಲೆಲ್ಲಿ ನೋಡಬೇಕು?

1998ರ ಮಾರುತಿ ಜಿಪ್ಸಿ ಮತ್ತು ಅದಕ್ಕಿಂತ ಹಳೆಯ ಮಹೀಂದ್ರ ಎಂಎಂ 540 ಜೀಪು ಹೆಚ್ಚುಕಡಿಮೆ ಒಂದೇ ಬೆಲೆಗೆ ಸಿಗುತ್ತಿವೆ, ತೋಟದ ದಾರಿಗೆ ಯಾವುದು ಕಡಿಮೆ ಕಾಡುತ್ತದೆ, ರಿಪೇರಿಗೆ ಎಷ್ಟು ಹಣ ತೆಗೆದಿಡಬೇಕು ಎಂದು ನೀವು ಕೇಳಿದ್ದೀರಿ. ಮೂಡಿಗೆರೆ ಕಡೆಯ ಕಾಫಿ ತೋಟದಲ್ಲಿ ಎರಡೂ ಬಗೆಯ ಗಾಡಿಗಳನ್ನು ವರ್ಷಗಟ್ಟಲೆ ಓಡಿಸಿದ ಅನುಭವದಿಂದ ಹೇಳುವುದಾದರೆ, ಎಂಜಿನ್ನಿನ ಬಗ್ಗೆ ನೀವು ಪಡುತ್ತಿರುವ ಚಿಂತೆಯ ಬಹುಪಾಲನ್ನು ಚಾಸಿಯ, ಅಂದರೆ ಇಡೀ ಗಾಡಿಯನ್ನು ಹೊರುವ ಕಬ್ಬಿಣದ ಚೌಕಟ್ಟಿನ, ಕಡೆಗೆ ತಿರುಗಿಸುವುದು ಒಳ್ಳೆಯದು.

ನಾನು ಕೊಂಡ ಜಿಪ್ಸಿಯ ಅಡಿಭಾಗಕ್ಕೆ ಹಿಂದಿನ ಮಾಲೀಕರು ಹೊಸದಾಗಿ ಕಪ್ಪು ಟಾರಿನಂಥ ಲೇಪ ಬಳಿಸಿದ್ದರು, ನೋಡಲು ಬಹಳ ಚೆನ್ನಾಗಿತ್ತು. ಒಂದು ಮಳೆಗಾಲ ಕಳೆದ ಮೇಲೆ ಹಿಂದಿನ ಪ್ಲೇಟ್ ಸೆಟ್ಟನ್ನು (ಪಟ್ಟಿ ಸ್ಪ್ರಿಂಗನ್ನು) ಚಾಸಿಗೆ ಹಿಡಿದಿರುವ ಹ್ಯಾಂಗರ್ ಬಳಿ ಲೇಪ ಹಪ್ಪಳದಂತೆ ಎದ್ದಿತು. ಅಲ್ಲಿ ಸ್ಕ್ರೂ ಡ್ರೈವರ್ ಒತ್ತಿದರೆ ಅದು ತಡೆಯಿಲ್ಲದೆ ಒಳಕ್ಕೆ ಇಳಿದು, ಚಹಾಪುಡಿಯಂಥ ತುಕ್ಕು ಅಂಗೈಗೆ ಉದುರಿತು. ಬಾಡಿ ಎತ್ತಿಸಿ, ಕೊಳೆತ ಭಾಗವನ್ನು ಕತ್ತರಿಸಿ, ಹೊಸ ಹಾಳೆ ಬೆಸುಗೆ ಹಾಕಿಸುವಷ್ಟರಲ್ಲಿ 40,000 ರೂಪಾಯಿಯ ಹತ್ತಿರ ಹೋಯಿತು. ಆದ್ದರಿಂದ ಅಡಿಗೆ ಹೊಸ ಬಣ್ಣವಿದ್ದರೆ ಅದನ್ನು ಅನುಮಾನದಿಂದಲೇ ನೋಡಿ, ಸಣ್ಣ ಸುತ್ತಿಗೆಯಿಂದ ಚಾಸಿಯ ಉದ್ದಕ್ಕೂ ತಟ್ಟಿಕೊಂಡು ಹೋಗಿ. ಗಟ್ಟಿ ಕಬ್ಬಿಣ ಠಣ್ ಎನ್ನುತ್ತದೆ, ಕೊಳೆತದ್ದು ಮಂಕಾಗಿ ಸದ್ದು ಮಾಡುತ್ತದೆ.

ಜಿಪ್ಸಿಯ ಎರಡನೆಯ ದೌರ್ಬಲ್ಯ ಮುಂದಿನ ಆಕ್ಸಲ್ಲಿನ ತುದಿಯಲ್ಲಿದೆ. ಚಕ್ರದ ಹಿಂದೆ ಇದ್ದು, ಸ್ಟಿಯರಿಂಗ್ ತಿರುಗಿಸಿದಾಗ ಚಕ್ರದೊಡನೆ ಹೊರಳುವ ಗುಂಡನೆಯ ನಕಲ್ (knuckle) ಒಳಗೆ ಗ್ರೀಸ್ ಇರಬೇಕು, ಆದರೆ ಆಕ್ಸಲ್ಲಿನ ಒಳಸೀಲು ಸವೆದಾಗ ಗೇರ್ ಆಯಿಲ್ ಅಲ್ಲಿಗೆ ನುಗ್ಗಿ, ಗ್ರೀಸಿನೊಡನೆ ಬೆರೆತು, ತೆಳ್ಳನೆಯ ಕಪ್ಪು ಗಂಜಿಯಾಗಿ ಹೊರಗೆ ಜಿನುಗುತ್ತದೆ. ಅದೇ ನಕಲ್ಲನ್ನು ಹಿಡಿದಿರುವ ಕಿಂಗ್ ಪಿನ್ ಬೇರಿಂಗುಗಳು ಸವೆದರೆ, ಗುಂಡಿಯೊಂದನ್ನು ದಾಟಿದ ಕೂಡಲೇ ಸ್ಟಿಯರಿಂಗ್ ಕೈಯಲ್ಲಿ ನಿಲ್ಲದಷ್ಟು ನಡುಗತೊಡಗುತ್ತದೆ. ಇದನ್ನು ಅನೇಕರು ವೀಲ್ ಬ್ಯಾಲೆನ್ಸಿಂಗ್ ದೋಷವೆಂದು ತಿಳಿದು ಟೈರಿನ ಅಂಗಡಿಗೆ ಅಲೆಯುತ್ತಾರೆ. ಚಕ್ರವನ್ನು ಜಾಕಿನ ಮೇಲೆ ಎತ್ತಿ, ಮೇಲೆ ಕೆಳಗೆ ಹಿಡಿದು ಅಲುಗಿಸಿದಾಗ ಟಕ್ ಟಕ್ ಎಂದರೆ, ವೀಲ್ ಬೇರಿಂಗ್ ಅಥವಾ ಕಿಂಗ್ ಪಿನ್ ಎರಡರಲ್ಲೊಂದು ಸವೆದಿದೆ ಎಂದರ್ಥ. ಎರಡೂ ಬದಿಯ ಬೇರಿಂಗ್, ಸೀಲು ಮತ್ತು ಕೂಲಿ ಸೇರಿ ನಮ್ಮ ಕಡೆ 8,000ದಿಂದ 12,000 ರೂಪಾಯಿ ಆಗುತ್ತದೆ.

ಹೊರಡುವಾಗ ಗಾಡಿಯ ನಡುಭಾಗ ಗಡಗಡ ಎಂದರೆ ಗೇರ್‌ಬಾಕ್ಸೇ ಹೋಯಿತೆಂದು ಹೆದರಬೇಕಿಲ್ಲ. ಜಿಪ್ಸಿಯಲ್ಲಿ ಎಂಜಿನ್ನಿನ ಶಕ್ತಿಯನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸು ಗೇರ್‌ಬಾಕ್ಸಿಗೆ ಅಂಟಿಕೊಂಡಿರದೆ, ಚಿಕ್ಕದೊಂದು ಶಾಫ್ಟಿನಿಂದ ಜೋಡಣೆಗೊಂಡು, ರಬ್ಬರ್ ಮೌಂಟಿಂಗುಗಳ ಮೇಲೆ ಪ್ರತ್ಯೇಕವಾಗಿ ಕೂತಿರುತ್ತದೆ. ಆ ರಬ್ಬರ್ ಹರಿದಿದ್ದರೂ, ಶಾಫ್ಟಿನ ತುದಿಯ ಕ್ರಾಸ್ ಜಾಯಿಂಟ್ ಸವೆದಿದ್ದರೂ ಇದೇ ಸದ್ದು ಬರುತ್ತದೆ, ಮತ್ತು ಇವೆರಡೂ ಕೆಲವು ಸಾವಿರದಲ್ಲಿ ಮುಗಿಯುವ ಕೆಲಸಗಳು. ನಿಮ್ಮದು ಕಾರ್ಬುರೇಟರ್ ಇರುವ 1.3 ಲೀಟರ್ ಎಂಜಿನ್ನಿನ ಗಾಡಿಯಾಗಿರುತ್ತದೆ. ಅದು ಗಟ್ಟಿಮುಟ್ಟಾದ ಎಂಜಿನ್, ಪೆಟ್ರೋಲನ್ನು ಮಾತ್ರ ಧಾರಾಳವಾಗಿ ಕುಡಿಯುತ್ತದೆ. ಜಿಪ್ಸಿಯ ತಯಾರಿಕೆ 2019ರಲ್ಲಿ ನಿಂತಿದ್ದರೂ ಬಿಡಿಭಾಗಗಳಿಗೆ ಇನ್ನೂ ಪರದಾಡಬೇಕಾಗಿಲ್ಲ.

ಎಂಎಂ 540ರಲ್ಲಿ ಇರುವುದು ಪ್ಯೂಜೊ ಮೂಲದ 2,112 ಸಿಸಿ ಡೀಸೆಲ್ ಎಂಜಿನ್. ಅದಕ್ಕೆ ಬೆಳಗಿನ ಚಳಿಯಲ್ಲಿ, ಎಂಜಿನ್ನಿನ ಒಳಗನ್ನು ಬಿಸಿ ಮಾಡುವ ಗ್ಲೋ ಪ್ಲಗ್ ಕಾಯದೆ ಸ್ಟಾರ್ಟ್ ಆಗುವ ಅಭ್ಯಾಸವಿಲ್ಲ, ಆದ್ದರಿಂದ ಮಾರುವವರು ನೀವು ಬರುವ ಮೊದಲೇ ಓಡಿಸಿ ಬಿಸಿ ಮಾಡಿಟ್ಟಿದ್ದರೆ ಮರುದಿನ ಮುಂಜಾನೆ ಹೇಳದೆ ಹೋಗಿ ನೋಡಿ. ಬಿಸಿಯಾದ ಮೇಲೆ ಆಯಿಲ್ ಮುಚ್ಚಳ ತೆಗೆದಾಗ ಒಲೆಯ ಕೊಳವೆಯಂತೆ ಹೊಗೆ ಬುಸುಗುಟ್ಟಿದರೆ ಪಿಸ್ಟನ್ ರಿಂಗುಗಳು ಸವೆದಿವೆ. ಬೋರಿಂಗ್, ಪಂಪು, ಇಂಜೆಕ್ಟರ್ ಎಲ್ಲ ಮಾಡಿಸಿದರೆ 60,000ದಿಂದ 90,000 ರೂಪಾಯಿಯವರೆಗೆ ಹೋಗಬಹುದು. ಸ್ಟಿಯರಿಂಗಿನ ಸಡಿಲ ಆಟ ಈ ಜೀಪುಗಳಲ್ಲಿ ಹುಟ್ಟುಗುಣವೆಂಬಂತೆ ಎಲ್ಲರೂ ಒಪ್ಪಿಕೊಂಡುಬಿಟ್ಟಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ, ಬಾಲ್ ಜಾಯಿಂಟುಗಳನ್ನು ಬದಲಿಸಿ ಸ್ಟಿಯರಿಂಗ್ ಬಾಕ್ಸನ್ನು ಸರಿಪಡಿಸಿದರೆ ಅದು ಬಹುಮಟ್ಟಿಗೆ ಹತೋಟಿಗೆ ಬರುತ್ತದೆ.

ಎರಡಕ್ಕೂ ಅನ್ವಯಿಸುವ ಒಂದು ಪರೀಕ್ಷೆಯನ್ನು ಬಿಡಬೇಡಿ. ಮುಂದಿನ, ಹಿಂದಿನ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಸೆಂಟರ್ ಡಿಫರೆನ್ಷಿಯಲ್ ಇವುಗಳಲ್ಲಿ ಇಲ್ಲದ ಕಾರಣ, ಒಣ ಟಾರು ರಸ್ತೆಯಲ್ಲಿ ಫೋರ್ ವೀಲ್ ಹಾಕಿ ತಿರುಗಿಸಿದರೆ ಶಾಫ್ಟು, ಗೇರುಗಳ ಮೇಲೆ ಒತ್ತಡ ಬಿದ್ದು ಸವೆಯುತ್ತವೆ, ಮತ್ತು ಪೇಟೆಯಲ್ಲಿ ಶೋಕಿಗೆ ಓಡಿಸಿದವರು ಇದನ್ನು ಬಹಳ ಮಾಡಿರುತ್ತಾರೆ. ಕೆಸರಿರುವ ಜಾಗಕ್ಕೆ ಒಯ್ದು, ಮುಂದಿನ ಚಕ್ರಗಳನ್ನು ಆಕ್ಸಲ್ಲಿಗೆ ಜೋಡಿಸುವ ಹಬ್ ಲಾಕುಗಳಿದ್ದರೆ ಕೈಯಿಂದ ತಿರುಗಿಸಿ, ಲೋ ಗೇರಿನಲ್ಲಿ ಏರು ಹತ್ತಿಸಿ. ಫೋರ್ ವೀಲ್ ಲಿವರ್ ತಾನಾಗಿಯೇ ಹಾರಿ ನ್ಯೂಟ್ರಲ್ಲಿಗೆ ಬಂದರೆ ಟ್ರಾನ್ಸ್‌ಫರ್ ಕೇಸು ಬಿಚ್ಚಿಸುವ ಖರ್ಚನ್ನು, ಅಂದರೆ ಕನಿಷ್ಠ 20,000 ರೂಪಾಯಿಯನ್ನು, ಬೆಲೆಯಲ್ಲಿ ಕಡಿಸಿಕೊಳ್ಳಿ.

ಚಾಸಿ ಗಟ್ಟಿಯಿದ್ದರೆ ನಾನು ಜಿಪ್ಸಿಯನ್ನೇ ಆರಿಸುತ್ತೇನೆ. ತೋಟದಿಂದ ಚೀಲಗಳನ್ನು ಹೊರುವ ಕೆಲಸವೇ ಹೆಚ್ಚಿದ್ದರೆ ಮಾತ್ರ ಜೀಪು. ಯಾವುದನ್ನು ಕೊಂಡರೂ ಮೊದಲ ವರ್ಷಕ್ಕೆ ಖರೀದಿ ಬೆಲೆಯ ಮೂರನೇ ಒಂದು ಪಾಲನ್ನು ಬೇರೆಯಾಗಿ ಇಟ್ಟುಕೊಳ್ಳಿ, ಮತ್ತು ಮುಂಗಡ ಕೊಡುವ ಮುನ್ನ ಆರ್‌ಸಿಯ ಅವಧಿ ನವೀಕರಣವಾಗಿದೆಯೇ, ಅದರಲ್ಲಿರುವ ಚಾಸಿ ಸಂಖ್ಯೆ ಗಾಡಿಯ ಮೇಲಿನದಕ್ಕೆ ತಾಳೆಯಾಗುತ್ತದೆಯೇ ಎಂದು ನೀವೇ ಓದಿ ನೋಡಿ.