ಪ್ರತಿವಿಷ ಬೇಗ ಸವೆಯುತ್ತದೆ, ಅಲ್ಲಿಂದ ಬರೆಯಿರಿ

ನಮಸ್ಕಾರ.

ಬದಿಯಡ್ಕದಿಂದ ನೀವು ಕಳಿಸಿದ 'ಬ್ಯಾಕ್ಟೀರಿಯಾದೊಳಗಿನ ವಿಷ' ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಆದರೆ ಕೈಬಿಡಬೇಡಿ. ಇದನ್ನು ಕನ್ನಡದಲ್ಲಿ ಬರೆಯುವವರು ಕಡಿಮೆ.

ಮೊದಲು ಎಂಡೋಸಲ್ಫಾನ್ ಎಂಬ ಕೀಟನಾಶಕದ ಮಾತು. "ನಮ್ಮೂರಿನ ಹಾಗೆ ಬ್ಯಾಕ್ಟೀರಿಯಾದಲ್ಲೂ ವಿಷವಿದೆ" ಎಂದು ಶುರು ಮಾಡಿದ್ದೀರಿ. ಅದನ್ನು ತೆಗೆಯಿರಿ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸುರಿದದ್ದು ಹೊರಗಿನ ವಿಷ. ನೀವು ಹೇಳುತ್ತಿರುವುದು ಜೀವಕೋಶ ತಾನೇ ತಯಾರಿಸುವ ಪ್ರೋಟೀನಿನ ಬಗ್ಗೆ. ಮತ್ತೆ, ಆ ವಿಷದಿಂದ ಬಳಲುವ ಮಕ್ಕಳನ್ನು ಇಂದಿಗೂ ಎತ್ತಿಕೊಂಡು ಓಡಾಡುವ ಅಮ್ಮಂದಿರು ನಮ್ಮ ಜಿಲ್ಲೆಯಲ್ಲಿದ್ದಾರೆ. ಸುಮ್ನೆ ಓದುಗರನ್ನು ಸೆಳೆಯಲು ಆ ಹೆಸರು ಬೇಡ.

ಇನ್ನು ತಿರುಳು. ಬ್ಯಾಕ್ಟೀರಿಯಾ ತಯಾರಿಸುವ ವಿಷ ಗಟ್ಟಿ, ಅದನ್ನು ತಡೆಯಲು ಜೊತೆಗೇ ತಯಾರಿಸುವ ಪ್ರತಿವಿಷ ಬೇಗ ಸವೆಯುತ್ತದೆ ಎಂಬುದು ನಾಲ್ಕನೇ ಪುಟದಲ್ಲಿ ಒಂದೇ ಸಾಲಿನಲ್ಲಿ ಬಂದು ಹೋಗಿದೆ. ಇಡೀ ಲೇಖನ ನಿಂತಿರುವುದೇ ಅದರ ಮೇಲೆ, ಅಲ್ವಾ? 1983ರಲ್ಲಿ ಜಪಾನಿನ ವಿಜ್ಞಾನಿಗಳಾದ ಒಗುರಾ ಮತ್ತು ಹಿರಾಗಾ ತೋರಿಸಿದ ಎಫ್ ಪ್ಲಾಸ್ಮಿಡ್‌ನ ಕಥೆಯನ್ನೇ ನಿಧಾನವಾಗಿ ಹೇಳಿ. ಪ್ಲಾಸ್ಮಿಡ್ ಎಂದರೆ ಕೋಶದೊಳಗಿನ ಪುಟ್ಟ, ಬೇರೆಯೇ ಆದ ಡಿಎನ್‌ಎ ಉಂಗುರ. ಸಿಸಿಡಿಬಿ ಎಂಬ ವಿಷದ ಜೀನೂ ಸಿಸಿಡಿಎ ಎಂಬ ಪ್ರತಿವಿಷದ ಜೀನೂ ಅದರಲ್ಲೇ ಇವೆ. ಕೋಶ ಎರಡಾಗುವಾಗ ಒಂದು ಮರಿಗೆ ಪ್ಲಾಸ್ಮಿಡ್ ಸಿಗಲಿಲ್ಲ ಅನ್ನಿ. ತಾಯಿಯಿಂದ ಬಂದ ವಿಷ, ಪ್ರತಿವಿಷ ಎರಡೂ ಅದರೊಳಗಿವೆ. ಹೊಸದಾಗಿ ಮಾಡಿಕೊಳ್ಳಲು ಜೀನು ಇಲ್ಲ. ಪ್ರತಿವಿಷವನ್ನು ಲಾನ್ ಎಂಬ ಕಿಣ್ವ ಕತ್ತರಿಸುತ್ತಾ ಹೋಗುತ್ತದೆ. ವಿಷ ಉಳಿಯುತ್ತದೆ. ಡಿಎನ್‌ಎಯ ಸಿಕ್ಕು ಬಿಡಿಸುವ ಗೈರೇಸ್ ಕಿಣ್ವವನ್ನು ಅದು ಹಿಡಿದುಬಿಡುತ್ತದೆ. ಡಿಎನ್‌ಎ ತುಂಡಾಗಿ ಮರಿ ಸಾಯುತ್ತದೆ.

ಹೋಲಿಕೆ ಬೇಕಿದ್ದರೆ ತೋಟಕ್ಕೆ ಹೋಗಿ. ಅಡಕೆಗೆ ಕೊಳೆರೋಗದ ಮದ್ದು ಬಿಡುತ್ತೇವೆ. ಮೈಲುತುತ್ತು, ಸುಣ್ಣದ ಆ ಮದ್ದು ಮಳೆಗೆ ಸವೆದು ಹೋಗುತ್ತದೆ, ಒಂದೂವರೆ ತಿಂಗಳಿಗೆ ಮತ್ತೆ ಬಿಡಬೇಕು. ರೋಗ ತೋಟ ಬಿಟ್ಟು ಹೋಗಿರುವುದಿಲ್ಲ. ಎರಡನೇ ಮದ್ದು ತಪ್ಪಿದರೆ ಏನಾಗುತ್ತದೆ ಅಂತ ನಮ್ಮವರಿಗೆ ಗೊತ್ತು. ಹೋಲಿಕೆ ಅಷ್ಟಕ್ಕೇ ನಿಲ್ಲಲಿ. ಪ್ರತಿವಿಷ ವಿಷವನ್ನೇ ಅಪ್ಪಿ ಕಟ್ಟಿಹಾಕುತ್ತದೆ, ಮದ್ದಿನ ಕೆಲಸ ಬೇರೆ.

"ಬ್ಯಾಕ್ಟೀರಿಯಾದ ಪ್ರಾಣತ್ಯಾಗ" ಅನ್ನುವ ಮಾತೂ ಇಲ್ಲಿ ಕೂರುವುದಿಲ್ಲ. ಸತ್ತ ಮರಿ ಏನನ್ನೂ ತ್ಯಾಗ ಮಾಡಲಿಲ್ಲ. ಲಾಭ ಆದದ್ದು ಪ್ಲಾಸ್ಮಿಡ್‌ಗೆ.

ಕೊನೆಯ ಪುಟ ನನಗೆ ಜಾಸ್ತಿ ಕಳವಳ ತಂದಿತು. ಕ್ಷಯದ ಬ್ಯಾಕ್ಟೀರಿಯಾದಲ್ಲಿ ಇಂಥ ವಿಷ-ಪ್ರತಿವಿಷದ ಜೋಡಿಗಳು 80ರ ಆಸುಪಾಸು ಇವೆ, ಸರಿ. "ಅದಕ್ಕೇ ಆರು ತಿಂಗಳು ಮಾತ್ರೆ" ಅಂತ ತೀರ್ಪು ಕೊಡಲು ಅಷ್ಟು ಸಾಲದು. ಇ. ಕೋಲಿ ಎಂಬ ಕರುಳಿನ ಬ್ಯಾಕ್ಟೀರಿಯಾದಿಂದ ಹತ್ತು ಜೋಡಿ ತೆಗೆದರೆ, ಆಂಟಿಬಯೋಟಿಕ್‌ಗೆ ಸಾಯದೆ ಮಲಗಿ ಉಳಿಯುವ ಕೋಶಗಳು ಕಡಿಮೆಯಾಗುತ್ತವೆ ಎಂಬ 2011ರ ಪ್ರಬಂಧವನ್ನು ನೀವು ನೆಚ್ಚಿದ್ದೀರಿ. ಅದನ್ನು ಬರೆದವರೇ 2018ರಲ್ಲಿ ಹಿಂತೆಗೆದುಕೊಂಡರು. ಪ್ರಯೋಗದ ತಳಿಯೊಳಗೆ ಫೇಜ್, ಅಂದರೆ ಬ್ಯಾಕ್ಟೀರಿಯಾಕ್ಕೆ ತಗಲುವ ವೈರಸ್, ಸೇರಿಕೊಂಡು ಫಲಿತಾಂಶ ಕೆಡಿಸಿತ್ತು. ಈ ಸಂಗತಿಯನ್ನೇ ಬರೆಯಿರಿ, ಚೆನ್ನಾಗಿರುತ್ತದೆ. ಮಾತ್ರೆ ನುಂಗುತ್ತಿರುವವರೂ ಇದನ್ನು ಓದುತ್ತಾರೆ, ನೆನಪಿರಲಿ.

ಐದು ಪುಟ ಮೂರಾಗಲಿ. ಮಳೆಗಾಲದ ಸಂಚಿಕೆಯಲ್ಲಿ ನಿಮಗೆ ಜಾಗ ಇಟ್ಟಿರುತ್ತೇನೆ.

ವಿಶ್ವಾಸದಿಂದ,
ಸಂಪಾದಕ, ಕಾಸರಗೋಡು