ಹೊಗೆ ತುಂಬಿದಾಗ ಮೊದಲು ಗ್ಯಾಸ್ ಇಳಿಸಬೇಕು

ಮಡಿಕೇರಿ

ಸೋಮವಾರಪೇಟೆಯ ಲೇಖಕ ಮಿತ್ರರಿಗೆ ನಮಸ್ಕಾರ.

ರಿಫೈನರಿಯಲ್ಲಿ ಕಚ್ಚಾ ಎಣ್ಣೆ ಕಾಯಿಸುವ ಫರ್ನೇಸ್ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಮುಲಾಜಿಲ್ಲದೆ ಹೇಳುತ್ತೇನೆ, ಈಗಿರುವಂತೆ ಅಚ್ಚು ಹಾಕಲಾಗದು. ಭಾಷೆಯ ತಕರಾರಲ್ಲ. ನಾಲ್ಕನೇ ಪುಟದಲ್ಲಿ 'ಫರ್ನೇಸಿನೊಳಗೆ ಹೊಗೆ ತುಂಬಿದರೆ ಕೂಡಲೇ ಡ್ಯಾಂಪರ್ ಪೂರ್ತಿ ತೆರೆಯಬೇಕು' ಎಂದು, ಚಿಮಣಿಯ ಸೆಳೆತವನ್ನು ಹೆಚ್ಚು ಕಡಿಮೆ ಮಾಡುವ ಆ ತಟ್ಟೆಯ ಬಗ್ಗೆ ಬರೆದಿದ್ದೀರಿ. ಹಾಗೆ ಮಾಡಿದರೆ ಫರ್ನೇಸ್ ಸಿಡಿಯಬಹುದು, ಜೀವ ಹೋಗಬಹುದು.

ಕಕ್ಕಡ ತಿಂಗಳ ಮಳೆಯಲ್ಲಿ ಒದ್ದೆ ಸೌದೆ ಬರೀ ಹೊಗೆಯಾಡುವಾಗ ಊದುಕೊಳವೆಯಿಂದ ಜೋರಾಗಿ ಊದಿದರೆ ಹೊಗೆಯೇ ಭಗ್ಗೆಂದು ಹತ್ತಿಕೊಳ್ಳುವುದನ್ನು ನೀವೂ ನೋಡಿರುತ್ತೀರಿ. ಫರ್ನೇಸಿನಲ್ಲೂ ಅದೇ. ಗಾಳಿ ಸಾಲದೆ ಒಳಗೆ ಉರಿಯದ ಗ್ಯಾಸ್ ತುಂಬಿರುತ್ತದೆ. ಒಮ್ಮೆಲೇ ಗಾಳಿ ಬಿಟ್ಟರೆ ಅಷ್ಟೂ ಒಟ್ಟಿಗೆ ಹೊತ್ತಿಕೊಳ್ಳುತ್ತದೆ. ನೀವು ಬಿಟ್ಟುಬಿಟ್ಟ ಇನ್ನೊಂದು ಅಪಾಯವಿದೆ. ಗ್ಯಾಸ್ ಅರೆಬರೆ ಉರಿದಾಗ, ಫರ್ನೇಸಿನ ಟ್ಯೂಬುಗಳಲ್ಲಿ ಹರಿದು ಹೊರಬರುವ ಎಣ್ಣೆಯ ಬಿಸಿ ಇಳಿಯುತ್ತದೆ. ಆಗ ಆ ಬಿಸಿಯನ್ನು ತಾನಾಗಿ ಕಾಯ್ದುಕೊಳ್ಳುವ ಕಂಟ್ರೋಲರ್ ಇನ್ನಷ್ಟು ಗ್ಯಾಸ್ ಬಿಡುತ್ತದೆ, ಹೊಗೆ ಇನ್ನೂ ಹೆಚ್ಚುತ್ತದೆ. ಹಾಗಾಗಿ ಮೊದಲು ಕಂಟ್ರೋಲರನ್ನು ಮ್ಯಾನ್ಯುಯಲ್‌ಗೆ ಹಾಕಿ ಕೈಯಿಂದಲೇ ಗ್ಯಾಸನ್ನು ನಿಧಾನವಾಗಿ ಇಳಿಸಬೇಕು. ಅಲ್ಲಿಯವರೆಗೆ ಡ್ಯಾಂಪರ್ ಮುಟ್ಟಬಾರದು, ಬರ್ನರಿನ ಗಾಳಿ ಬಾಗಿಲನ್ನೂ ಮುಟ್ಟಬಾರದು. ಆಕ್ಸಿಜನ್ ಮೀಟರ್ ಮೇಲೇರಿದ ಮೇಲೆ ಗಾಳಿ ಹೊಂದಿಸಬಹುದು. ಉರಿ ಪೂರ್ತಿ ಆರಿದ್ದರಂತೂ ಗ್ಯಾಸ್ ಬಂದ್ ಮಾಡಿ, ಒಳಗಿನದನ್ನೆಲ್ಲ ಸ್ಟೀಮ್ ಬಿಟ್ಟು ಹೊರಹಾಕದೆ ಮತ್ತೆ ಹೊತ್ತಿಸಲೇಬಾರದು.

'ಗಾಳಿ ಹೆಚ್ಚಿದ್ದಷ್ಟೂ ಒಳ್ಳೆಯದು' ಎಂಬುದನ್ನೂ ತಿದ್ದಿ. ಹೆಚ್ಚಾದ ಗಾಳಿ ಬಿಸಿಯನ್ನು ಹೊತ್ತು ಚಿಮಣಿಯಿಂದ ಹೊರಹೋಗುತ್ತದೆ. ಗ್ಯಾಸ್ ಉರಿಸುವಲ್ಲಿ ಸಾಮಾನ್ಯವಾಗಿ ಹೊರಹೋಗುವ ಹೊಗೆಯಲ್ಲಿ ಶೇ. 2–3 ಆಕ್ಸಿಜನ್ ಉಳಿದರೆ ಸಾಕು.

ಟ್ಯೂಬಿನೊಳಗೆ ಕೋಕ್, ಅಂದರೆ ಎಣ್ಣೆ ಅತಿಯಾಗಿ ಕಾದು ಗಟ್ಟಿಯಾದ ಕರಿ, ಕಟ್ಟುವ ಭಾಗ ನನಗೆ ತುಂಬ ಹಿಡಿಸಿತು. ಇಣುಕುಕಿಂಡಿಯಿಂದ ನೋಡಿದಾಗ ಮಂಕಾದ ಟ್ಯೂಬುಗಳ ನಡುವೆ ಒಂದರ ಮೇಲೆ ಮಾತ್ರ ಕೆಂಪು ಪಟ್ಟೆ ಕಾಣುವುದನ್ನು ಚೆನ್ನಾಗಿ ಹಿಡಿದಿದ್ದೀರಿ. ಆದರೆ ಕಾರಣ ಎಲ್ಲಿ? ಆ ಒಂದು ಪಾಸಿನಲ್ಲಿ, ಅಂದರೆ ಆ ಟ್ಯೂಬುಗಳ ಸಾಲಿನಲ್ಲಿ, ಎಣ್ಣೆಯ ಹರಿವು ಕಡಿಮೆಯಾಗಿರಬಹುದು, ಇಲ್ಲವೇ ಬರ್ನರಿನ ಜ್ವಾಲೆ ಟ್ಯೂಬನ್ನು ನೆಕ್ಕುತ್ತಿರಬಹುದು. ಒಳಗಿನ ಕೋಕ್ ಬಿಸಿಯನ್ನು ಎಣ್ಣೆಗೆ ದಾಟಲು ಬಿಡದ ಕಾರಣ ಲೋಹ ಕಾಯುತ್ತಲೇ ಹೋಗುತ್ತದೆ. ಎಣ್ಣೆ ಎಂದಿನಂತೆ 360 ಡಿಗ್ರಿ ಸೆಲ್ಸಿಯಸ್‌ನಲ್ಲೇ ಹೊರಬರುತ್ತಿದ್ದರೂ ಟ್ಯೂಬ್ ಉಬ್ಬಿ ಒಡೆಯುವುದು ಹೀಗೆಯೇ. ಇದನ್ನು ಬಿಡಿಸಿ ಬರೆಯಿರಿ.

'ಆಧುನಿಕ ನಾಗರಿಕತೆಯ ಜೀವನಾಡಿ' ಎಂದು ಶುರುವಾಗುವ ಮೊದಲ ಪುಟ ಪೂರ್ತಿ ಬೇಡ. ಆ ಕೆಂಪು ಪಟ್ಟೆಯಿಂದಲೇ ಶುರು ಮಾಡಿ. ಜೊತೆಗೆ ಜ್ವಾಲೆಯ ಬಿಸಿ ನೇರ ತಾಗುವ ರೇಡಿಯಂಟ್ ಭಾಗ, ಅದರ ಮೇಲೆ ಬಿಸಿ ಹೊಗೆ ಹಾದುಹೋಗುವ ಕನ್ವೆಕ್ಷನ್ ಭಾಗ, ಡ್ಯಾಂಪರ್, ಚಿಮಣಿ ಗುರುತಿಸಿದ ಒಂದು ಕೈಚಿತ್ರ ಬೇಕು. ಪೆನ್ಸಿಲ್ಲಿನಲ್ಲಿ ಬರೆದು ಕಳಿಸಿದರೂ ಆದೀತು.